ದೀರ್ಘ ಕಾಯಿಲೆ ಆದ ಮೇಲೆ ಮತ್ತೆ ಡ್ಯೂಟಿಗೆ: ಇಎಸ್‌ಐ ಹಣ ಪಡೆಯುತ್ತಿರುವವರಿಗೆ ಒಂದು ಮಾರ್ಗದರ್ಶಿ

ಆರು ತಿಂಗಳೋ ವರ್ಷವೋ ಮನೆಯಲ್ಲಿ ಮಲಗಿದ್ದವರಿಗೆ ಕೆಲಸಕ್ಕೆ ಹೋಗುವ ದಿನ ಹತ್ತಿರ ಬಂದಂತೆ ಎರಡು ಭಯ ಶುರುವಾಗುತ್ತದೆ. ಮೈ ತಡೆಯುತ್ತಾ ಅನ್ನೋದು ಒಂದು. ಇಎಸ್‌ಐ (ನೌಕರರ ರಾಜ್ಯ ವಿಮೆ) ದುಡ್ಡು ನಿಂತುಹೋಗಿ, ಸಂಬಳವೂ ಪೂರ್ತಿ ಬರದೇ ಹೋದರೆ ಮನೆ ನಡೆಯೋದು ಹೇಗೆ ಅನ್ನೋದು ಇನ್ನೊಂದು. ಮೊದಲನೆಯದಕ್ಕೆ ಡಾಕ್ಟರೇ ಉತ್ತರ ಹೇಳಬೇಕು. ಎರಡನೆಯದಕ್ಕೆ ಸ್ವಲ್ಪ ಲೆಕ್ಕ ಗೊತ್ತಿದ್ದರೆ ಸಾಕು.

ಇದು ಪೀಣ್ಯ, ಬೊಮ್ಮಸಂದ್ರ, ನಂಜನಗೂಡಿನಂಥ ಕಡೆ ಗಾರ್ಮೆಂಟ್ಸ್, ಮಷೀನ್ ಶಾಪ್, ಹೌಸ್‌ಕೀಪಿಂಗ್, ಸೆಕ್ಯುರಿಟಿ ಕೆಲಸ ಮಾಡುವವರಿಗೆ ಬರೆದದ್ದು. ಅಂದರೆ ತಿಂಗಳ ಸಂಬಳ 21,000 ರೂಪಾಯಿ ಒಳಗಿದ್ದು, ಇಎಸ್‌ಐ ಕಟ್ ಆಗುವವರಿಗೆ. ಅಂಗವೈಕಲ್ಯ ಇರುವವರಿಗೆ ಈ ಮಿತಿ 25,000.

ಒಂದು ವಿಷಯ ಮೊದಲೇ ತಿಳಿದಿರಲಿ. ಕಾಯಿಲೆ ಹಣದ ಮಟ್ಟಿಗೆ ಇಎಸ್‌ಐ ಲೆಕ್ಕದಲ್ಲಿ ನೀವು ಒಂದು ದಿನ ಕಾಯಿಲೆಯಲ್ಲಿರುತ್ತೀರಿ, ಇಲ್ಲವೇ ಕೆಲಸದಲ್ಲಿರುತ್ತೀರಿ. ಅರ್ಧ ದಿನ ಕೆಲಸ ಮಾಡಿ ಅರ್ಧ ದಿನದ ಹಣ ತೆಗೆದುಕೊಳ್ಳುವ ದಾರಿ ಇಲ್ಲ. ನಿಧಾನವಾಗಿ ಕೆಲಸಕ್ಕೆ ಮರಳುವ ವ್ಯವಸ್ಥೆಯನ್ನು ಕಾನೂನು ಮಾಡಿಕೊಟ್ಟಿಲ್ಲ, ನೀವೇ ಮಾಡಿಕೊಳ್ಳಬೇಕು. ಹೇಗೆ ಅಂತ ಮುಂದೆ ಹೇಳುತ್ತೇನೆ.

1. ನಿಮಗೆ ಬರುತ್ತಿರುವುದು ಯಾವ ಹಣ?

"ಇಎಸ್‌ಐ ದುಡ್ಡು ಬರ್ತಾ ಇದೆ" ಅಂತಷ್ಟೇ ಹೇಳುವವರು ಜಾಸ್ತಿ. ಯಾವ ಹಣ ಅಂತ ಗೊತ್ತಿಲ್ಲದಿದ್ದರೆ ಮುಂದಿನ ಹೆಜ್ಜೆ ತಪ್ಪುತ್ತದೆ. ಇಎಸ್‌ಐ ಬ್ರಾಂಚ್ ಆಫೀಸಿನಲ್ಲಿ ಐಪಿ ನಂಬರ್ (ನಿಮ್ಮ ಇಎಸ್‌ಐ ವಿಮಾ ನಂಬರ್) ಕೊಟ್ಟು ಕೇಳಿ.

ತಿಂಗಳಿಗೆ 15,000, ಅಂದರೆ ದಿನಕ್ಕೆ 500 ರೂಪಾಯಿ ಸಂಬಳ ಇದ್ದವರ ಲೆಕ್ಕ ಹಾಕೋಣ. ಸಾಮಾನ್ಯ ಕಾಯಿಲೆ ಹಣ ಶೇ. 70, ಅಂದರೆ ದಿನಕ್ಕೆ 350. ಇದು ವರ್ಷಕ್ಕೆ ಹೆಚ್ಚೆಂದರೆ 91 ದಿನ. ಟಿಬಿ, ಕ್ಯಾನ್ಸರ್, ಕಿಡ್ನಿ ವೈಫಲ್ಯ, ಪಾರ್ಶ್ವವಾಯು, ಕೆಲವು ಹೃದಯದ ಕಾಯಿಲೆಗಳು, ಕೆಲವು ತೀವ್ರ ಮಾನಸಿಕ ಕಾಯಿಲೆಗಳು ಸೇರಿ 34 ಕಾಯಿಲೆಗಳ ಪಟ್ಟಿ ಇದೆ. ಅವುಗಳಿಗೆ ವಿಸ್ತರಿತ ಕಾಯಿಲೆ ಹಣ ಶೇ. 80, ದಿನಕ್ಕೆ 400, ಎರಡು ವರ್ಷದವರೆಗೂ ಸಿಗಬಹುದು. ಆದರೆ ಕಾಯಿಲೆಗೆ ಮುಂಚೆ ಎರಡು ವರ್ಷ ಸತತವಾಗಿ ಇಎಸ್‌ಐ ಇರುವ ಕೆಲಸದಲ್ಲಿದ್ದು, ಆರು ತಿಂಗಳಿನ ನಾಲ್ಕು ಅವಧಿಗಳಲ್ಲಿ ಸೇರಿ 156 ದಿನದ ವಂತಿಗೆ ಕಟ್ಟಿರಬೇಕು.

ಕೆಲಸದಲ್ಲಿ ಏಟಾಗಿದ್ದರೆ ಕಥೆಯೇ ಬೇರೆ. ವಾಸಿಯಾಗುವವರೆಗೆ ತಾತ್ಕಾಲಿಕ ಅಂಗವೈಕಲ್ಯದ ಹಣ ಶೇ. 90, ದಿನಕ್ಕೆ 450. ಇದಕ್ಕೆ ಇಷ್ಟು ದಿನ ವಂತಿಗೆ ಕಟ್ಟಿರಬೇಕೆಂಬ ಷರತ್ತಿಲ್ಲ. ವಾಸಿಯಾದ ಮೇಲೂ ಬೆರಳು, ಕೈ, ಕಣ್ಣಿನ ಶಕ್ತಿ ಕಡಿಮೆಯಾಗಿಯೇ ಉಳಿದರೆ ಶಾಶ್ವತ ಅಂಗವೈಕಲ್ಯದ ಹಣ ಇದೆ.

ಈ ನಾಲ್ಕರಲ್ಲಿ ಮೊದಲ ಮೂರು ನೀವು ಕೆಲಸಕ್ಕೆ ಹೋದ ದಿನವೇ ನಿಲ್ಲುತ್ತವೆ. ನಾಲ್ಕನೆಯದು ನಿಲ್ಲುವುದಿಲ್ಲ. ಅದನ್ನು ಆಮೇಲೆ ನೋಡೋಣ.

2. ನಿಮ್ಮ ಕೆಲಸ ಏನು ಅಂತ ಡಾಕ್ಟರಿಗೆ ಗೊತ್ತಾಗಲಿ

ಡಿಸ್ಪೆನ್ಸರಿಯಲ್ಲಿ ಕ್ಯೂ ನಿಂತು ಒಳಗೆ ಹೋದರೆ ಮಾತಿಗೆ ಸಿಗುವುದು ಎರಡು ನಿಮಿಷ. "ಈಗ ಹೇಗಿದೀರಿ?" ಅಂತ ಡಾಕ್ಟರು ಕೇಳುತ್ತಾರೆ. "ಪರವಾಗಿಲ್ಲ ಸಾರ್" ಅಂತ ನಮ್ಮ ಬಾಯಿಂದ ಅಭ್ಯಾಸಬಲದಿಂದ ಬಂದುಬಿಡುತ್ತದೆ. ಪರವಾಗಿಲ್ಲ ಅಂದವರಿಗೆ ಫಿಟ್ ಅಂತ ಬರೆಯದೆ ಅವರಾದರೂ ಏನು ಮಾಡ್ತಾರೆ, ಅಲ್ವಾ?

ಹಿಂದಿನ ರಾತ್ರಿಯೇ ಒಂದು ಹಾಳೆಯಲ್ಲಿ ಬರೆದಿಡಿ. ದಿನಕ್ಕೆ ಎಷ್ಟು ಹೊತ್ತು ನಿಂತಿರಬೇಕು. ಎಷ್ಟು ಕೆಜಿ ಎತ್ತಬೇಕು. ರಾತ್ರಿ ಪಾಳಿ ಇದೆಯಾ. ಧೂಳು, ಬಿಸಿ, ಕೆಮಿಕಲ್ ಇದೆಯಾ. ನೀರು ಕುಡಿಯಲು, ಟಾಯ್ಲೆಟ್‌ಗೆ ಹೋಗಲು ಲೈನಿನಿಂದ ಎದ್ದು ಹೋಗಬಹುದಾ. ಮನೆಯಿಂದ ಫ್ಯಾಕ್ಟರಿಗೆ ಬಸ್ಸಿನಲ್ಲಿ ಎಷ್ಟು ಹೊತ್ತು, ನಿಂತುಕೊಂಡೇ ಬರಬೇಕಾ. ಈ ಹಾಳೆ ಡಾಕ್ಟರ ಕೈಗೆ ಕೊಡಿ.

ಬಸ್ಸಿನ ವಿಷಯ ಬಹಳ ಜನ ಬಿಟ್ಟುಬಿಡುತ್ತಾರೆ. ಕೀಮೋಥೆರಪಿ ಮುಗಿಸಿದವರಿಗೆ ಎಂಟು ಗಂಟೆ ಕೂತು ಕೆಲಸ ಮಾಡುವುದಕ್ಕಿಂತ, ಬೆಳಗ್ಗೆ ಏಳು ಗಂಟೆಯ ಬಸ್ಸಿನಲ್ಲಿ ಕಂಬಿ ಹಿಡಿದು ನಿಲ್ಲುವುದೇ ಕಷ್ಟವಾಗಬಹುದು.

ಇನ್ನೊಂದು ಮಾತು. "ಲೈಟ್ ಡ್ಯೂಟಿ ಕೊಡಿ" ಅಂತಷ್ಟೇ ಬರೆಸಿಕೊಂಡು ಬರಬೇಡಿ. ಆ ಎರಡು ಪದಕ್ಕೆ ಸೂಪರ್‌ವೈಸರ್ ಏನು ಬೇಕಾದರೂ ಅರ್ಥ ಹಚ್ಚಬಹುದು. ಟ್ರಿಮ್ಮಿಂಗ್‌ನಿಂದ ಪ್ಯಾಕಿಂಗ್‌ಗೆ ಹಾಕಿ "ಇದೇ ಲೈಟು" ಅಂದರೆ ಮುಗೀತು. "5 ಕೆಜಿಗಿಂತ ಜಾಸ್ತಿ ಭಾರ ಎತ್ತಬಾರದು, ಮೂರು ತಿಂಗಳು ರಾತ್ರಿ ಪಾಳಿ ಬೇಡ, ಗಂಟೆಗೊಮ್ಮೆ ಐದು ನಿಮಿಷ ಕೂರಬೇಕು" ಅಂತ ಬಿಡಿಸಿ ಬರೆದಿದ್ದರೆ ಅದಕ್ಕೆ ತೂಕ. ದೊಡ್ಡ ಆಸ್ಪತ್ರೆಯ ತಜ್ಞರು ನಿಮ್ಮನ್ನು ನೋಡುತ್ತಿದ್ದರೆ, ಉದಾಹರಣೆಗೆ ರಾಜಾಜಿನಗರದ ಇಎಸ್‌ಐ ಆಸ್ಪತ್ರೆಯಲ್ಲಿ, ಅವರಿಂದಲೇ ಬರೆಸಿಕೊಳ್ಳಿ.

3. ಯಾವ ತಾರೀಖಿನಿಂದ ಸೇರಬೇಕು?

ಇದನ್ನು ಯಾರೂ ಹೇಳಿಕೊಡುವುದಿಲ್ಲ. ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಇಎಸ್‌ಐನಲ್ಲಿ ವಂತಿಗೆ ಕಟ್ಟುವ ಅವಧಿಗಳು ಎರಡು. ಏಪ್ರಿಲ್ 1ರಿಂದ ಸೆಪ್ಟೆಂಬರ್ 30, ಅಕ್ಟೋಬರ್ 1ರಿಂದ ಮಾರ್ಚ್ 31. ಮೊದಲನೆಯ ಅವಧಿಯಲ್ಲಿ ಕನಿಷ್ಠ 78 ದಿನದ ವಂತಿಗೆ ಇದ್ದರೆ, ಮುಂದಿನ ಜನವರಿಯಿಂದ ಜೂನ್‌ವರೆಗೆ ಕಾಯಿಲೆ ಬಿದ್ದರೆ ಹಣ ಸಿಗುತ್ತದೆ. ಎರಡನೆಯದರಲ್ಲಿ 78 ದಿನ ಇದ್ದರೆ, ಜುಲೈಯಿಂದ ಡಿಸೆಂಬರ್‌ವರೆಗೆ.

ಈಗ ವರ್ಷದಿಂದ ರಜೆಯಲ್ಲಿದ್ದ ಒಬ್ಬರು ಆಗಸ್ಟ್ 10ಕ್ಕೆ ಕೆಲಸಕ್ಕೆ ಸೇರಿದರು ಅಂದುಕೊಳ್ಳಿ. ಆಗಸ್ಟ್‌ನಲ್ಲಿ 22 ದಿನ, ಸೆಪ್ಟೆಂಬರ್‌ನಲ್ಲಿ 30, ಒಟ್ಟು 52. 78 ಆಗಲಿಲ್ಲ. ಅದಕ್ಕೂ ಹಿಂದಿನ ಅವಧಿಯಲ್ಲಿ ಅವರು ಪೂರ್ತಿ ರಜೆ. ಹೀಗಾಗಿ ಸೇರಿದ ದಿನದಿಂದ ಮುಂದಿನ ವರ್ಷದ ಜೂನ್ 30ರವರೆಗೆ ಡೆಂಗಿ ಬಂದು ಹದಿನೈದು ದಿನ ಮಲಗಿದರೂ ಸಾಮಾನ್ಯ ಕಾಯಿಲೆ ಹಣ ಇಲ್ಲ. ಚಿಕಿತ್ಸೆಗೆ ತೊಂದರೆಯಿಲ್ಲ. ವಂತಿಗೆ ಕಟ್ಟುತ್ತಿರುವವರೆಗೆ ಔಷಧ, ಆಸ್ಪತ್ರೆ ಎಲ್ಲ ಇರುತ್ತದೆ. ಕೈಗೆ ಬರುವ ದುಡ್ಡು ಮಾತ್ರ ಇಲ್ಲ.

ಅದೇ ಜುಲೈ 15ಕ್ಕೆ ಸೇರಿದ್ದರೆ? 17, 31, 30. ಸರಿಯಾಗಿ 78. ಚಳಿಗಾಲದ ಅವಧಿಯಲ್ಲಿ ಇದೇ ಲೆಕ್ಕಕ್ಕೆ ಜನವರಿ 13 ಕೊನೆಯ ದಿನ. 19, 28, 31. ಒಂದು ದಿನ ಸಂಬಳ ಕಟ್ ಆದರೂ ಲೆಕ್ಕ ತಪ್ಪುತ್ತದೆ, ಆದ್ದರಿಂದ ನಾಲ್ಕೈದು ದಿನ ಮುಂಚೆಯೇ ಸೇರುವುದು ಒಳ್ಳೆಯದು. ತಿಂಗಳ ಸಂಬಳದವರಿಗೆ ಭಾನುವಾರವೂ ಸಂಬಳದ ದಿನವೇ. ದಿನಗೂಲಿಯವರಿಗೆ ವಾರದ ರಜೆಗೆ ಸಂಬಳ ಇಲ್ಲದಿದ್ದರೆ ಆ ದಿನ ಎಣಿಕೆಗೆ ಬರುವುದಿಲ್ಲ. ಅವರು ಇನ್ನೂ ಬೇಗ ಸೇರಬೇಕಾಗುತ್ತದೆ.

ಈ 78ರ ಹಿಂದೆ ಬಿದ್ದು ವಾಸಿಯಾಗದ ಮೈಯನ್ನು ಎಳೆದುಕೊಂಡು ಹೋಗಿ ಅಂತ ಖಂಡಿತ ಹೇಳುತ್ತಿಲ್ಲ. ಡಾಕ್ಟರು "ಈ ವಾರವೋ ಮುಂದಿನ ವಾರವೋ ಹೋಗಬಹುದು" ಅಂದಾಗ ಕ್ಯಾಲೆಂಡರ್ ನೋಡಿ ನಿರ್ಧರಿಸಿ, ಅಷ್ಟೇ.

4. ಫ್ಯಾಕ್ಟರಿಗೆ ಮೊದಲೇ ಪತ್ರ ಕೊಡಿ

ಸೇರುವ ಎರಡು ಮೂರು ವಾರ ಮುಂಚೆ ಎಚ್‌ಆರ್‌ಗೆ ಪತ್ರ ಹೋಗಬೇಕು. ಫೋನಿನಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ. ಎರಡು ಪ್ರತಿ ಮಾಡಿ, ಒಂದರ ಮೇಲೆ ಸೀಲು ಮತ್ತು ತಾರೀಖು ಹಾಕಿಸಿಕೊಂಡು ಇಟ್ಟುಕೊಳ್ಳಿ. ಸೀಲು ಹಾಕಲ್ಲ ಅಂದರೆ ರಿಜಿಸ್ಟರ್ ಪೋಸ್ಟಿನಲ್ಲಿ ಕಳಿಸಿ. ಪತ್ರ ಹೀಗಿರಲಿ:

"ಮಾನ್ಯರೇ, ನಾನು ಫಿನಿಷಿಂಗ್ ವಿಭಾಗದ ನೌಕರಳು. ಕಳೆದ ಸೆಪ್ಟೆಂಬರ್ 4ರಿಂದ ಇಎಸ್‌ಐ ಸರ್ಟಿಫಿಕೇಟ್ ಮೇಲೆ ರಜೆಯಲ್ಲಿದ್ದೇನೆ. ಎಲ್ಲಾ ಸರ್ಟಿಫಿಕೇಟ್‌ಗಳ ನಕಲು ಕೊಟ್ಟಿದ್ದೇನೆ. ಜುಲೈ 10ರಿಂದ ಕೆಲಸಕ್ಕೆ ಬರಬಹುದೆಂದು ಡಾಕ್ಟರು ತಿಳಿಸಿದ್ದಾರೆ. ಕೆಲಸಕ್ಕೆ ಫಿಟ್ ಎಂಬ ಫೈನಲ್ ಸರ್ಟಿಫಿಕೇಟ್ ಅನ್ನು ಅಂದೇ ತರುತ್ತೇನೆ. ಮೊದಲ ಮೂರು ತಿಂಗಳು ಕೂತು ಮಾಡುವ ಕೆಲಸ, ಹಗಲು ಪಾಳಿ ಕೊಡಬೇಕೆಂದು ಡಾಕ್ಟರು ಬರೆದಿದ್ದಾರೆ, ನಕಲು ಲಗತ್ತಿಸಿದೆ. ನನ್ನ ಲೆಕ್ಕದಲ್ಲಿ ಉಳಿದಿರುವ ಇಎಲ್ (ಗಳಿಕೆ ರಜೆ) ಅನ್ನು ಮೊದಲ ಎರಡು ತಿಂಗಳು ವಾರಕ್ಕೊಂದು ದಿನದಂತೆ ತೆಗೆದುಕೊಳ್ಳಲು ಅನುಮತಿ ಕೋರುತ್ತೇನೆ."

ಕೊನೆಯ ವಾಕ್ಯ ಗಮನಿಸಿ. ನಿಧಾನವಾಗಿ ಮರಳುವ ದಾರಿ ಅದೇ. ಇಎಲ್‌ಗೆ ಸಂಬಳ ಬರುತ್ತದೆ, ಆ ದಿನ ವಂತಿಗೆಯ ಎಣಿಕೆಗೂ ಸೇರುತ್ತದೆ. ಬುಧವಾರ ಒಂದು ದಿನ ಇಎಲ್ ಹಾಕಿದರೆ ವಾರ ಎರಡು ತುಂಡಾಗುತ್ತದೆ. ಮೂರನೇ ದಿನಕ್ಕೆ ಸುಸ್ತಾಗುವ ಮೈಗೆ ಅದೊಂದು ದಿನ ಬಹಳ ದೊಡ್ಡದು. ಅದಕ್ಕೇ ಕಾಯಿಲೆಯ ಶುರುವಿನಲ್ಲೇ ಇಎಲ್ ಎಲ್ಲ ಖಾಲಿ ಮಾಡಿಕೊಳ್ಳಬೇಡಿ ಅಂತ ನಾನು ಸಿಕ್ಕವರಿಗೆಲ್ಲ ಹೇಳುವುದು. ಸಂಬಳದ ರಜೆ ತೆಗೆದುಕೊಂಡ ದಿನಕ್ಕೆ ಇಎಸ್‌ಐ ಕಾಯಿಲೆ ಹಣವೂ ಸಿಗುವುದಿಲ್ಲ, ಅಲ್ಲಿಗೆ ಎರಡೂ ನಷ್ಟ.

ಇದೇ ಸಮಯದಲ್ಲಿ ಇನ್ನೊಂದು ಚೆಕ್ ಮಾಡಿ. ಪ್ರತಿ ತಿಂಗಳು ಕಂಪನಿ ಇಎಸ್‌ಐ ಪೋರ್ಟಲ್‌ನಲ್ಲಿ ವಂತಿಗೆ ತುಂಬುವಾಗ, ಕೆಲಸ ಮಾಡದವರ ಮುಂದೆ ಕಾರಣ ಹಾಕಬೇಕು. "ರಜೆಯಲ್ಲಿದ್ದಾರೆ" ಅಂತ ಹಾಕುವ ಜಾಗದಲ್ಲಿ "ಕೆಲಸ ಬಿಟ್ಟಿದ್ದಾರೆ" ಅಂತ ಹಾಕಿಬಿಟ್ಟರೆ ದಾಖಲೆಯಲ್ಲಿ ನೀವು ನೌಕರರೇ ಅಲ್ಲ. ಬ್ರಾಂಚ್ ಆಫೀಸಿನಲ್ಲಿ ಕೇಳಿದರೆ ನಿಮ್ಮ ಸ್ಥಿತಿ ಏನಿದೆ ಅಂತ ಹೇಳುತ್ತಾರೆ. ತಪ್ಪಿದ್ದರೆ ಸೇರುವ ಮೊದಲೇ ಸರಿಮಾಡಿಸಿ.

5. ಫೈನಲ್ ಸರ್ಟಿಫಿಕೇಟ್‌ಗೆ ಮುಂಚೆ ಒಂದು ದಿನವೂ ಕೆಲಸ ಬೇಡ

ಇಡೀ ಲೇಖನದಲ್ಲಿ ಒಂದೇ ಒಂದು ವಿಷಯ ನೆನಪಿಡುವುದಿದ್ದರೆ ಇದು.

ಆಗುವುದು ಹೀಗೆ. ಶಿಪ್‌ಮೆಂಟ್ ಹತ್ತಿರ ಬಂದಿರುತ್ತದೆ, ಲೈನಿನಲ್ಲಿ ಜನ ಇಲ್ಲ. ಸೂಪರ್‌ವೈಸರ್ ಫೋನ್ ಮಾಡುತ್ತಾರೆ. "ಹುಷಾರಾಗಿದೀಯಲ್ಲಮ್ಮ, ಸೋಮವಾರದಿಂದ ಬಾ. ಸುಮ್ನೆ ಚೆಕಿಂಗ್‌ನಲ್ಲಿ ಕೂತ್ಕೋ. ಫೈನಲ್ ಆಮೇಲೆ ತಂದ್ರಾಯ್ತು." ಇವರಿಗೂ ಸಂಕೋಚ. ಹೋಗಿ ಬೆರಳಚ್ಚು ಕೊಟ್ಟು ಕೂತುಬಿಡುತ್ತಾರೆ. ಸೋಮವಾರ 3ನೇ ತಾರೀಖು. ಡಾಕ್ಟರ ಹತ್ತಿರ ಹೋಗಲು ಬಿಡುವು ಸಿಗುವುದು 8ಕ್ಕೆ. ಫೈನಲ್‌ನಲ್ಲಿ 9ರಿಂದ ಫಿಟ್ ಅಂತ ಬರುತ್ತದೆ. ಇವರ ಕ್ಲೇಮ್ 8ರವರೆಗೆ, ಹಾಜರಾತಿ 3ರಿಂದ.

ಬ್ರಾಂಚ್ ಆಫೀಸು ಆ ದಿನಗಳಲ್ಲಿ ನೀವು ನಿಜವಾಗಿ ಗೈರುಹಾಜರಾಗಿದ್ದಿರಾ ಅಂತ ಕಂಪನಿಯನ್ನು ಕೇಳಬಹುದು. ಕಂಪನಿ ಹಾಜರಾತಿ ನೋಡಿ ಉತ್ತರ ಕೊಡುತ್ತದೆ. ಆಗ ಸಿಕ್ಕಿಹಾಕಿಕೊಳ್ಳುವವರು ನೀವು, ಸೂಪರ್‌ವೈಸರ್ ಅಲ್ಲ. ಸುಳ್ಳು ಹೇಳಿ ಹಣ ಪಡೆದ ಆರೋಪ ಬಂದರೆ ಹಣ ವಾಪಸ್ ಕಟ್ಟುವುದಷ್ಟೇ ಅಲ್ಲ, ಕೇಸೂ ಆಗಬಹುದು. ಹಾಜರಾತಿ ಹಾಕದೆ ಬೇರೆ ಕಡೆ ನಗದು ಕೂಲಿಗೆ ಹೋಗುವುದೂ ಅಷ್ಟೇ ಅಪಾಯ. ಸರ್ಟಿಫಿಕೇಟ್ ಮೇಲೆ ಇರುವಷ್ಟು ದಿನ ಚಿಕಿತ್ಸೆಯಲ್ಲಿರಬೇಕು, ವಾಸಿಯಾಗುವುದಕ್ಕೆ ಅಡ್ಡಿಯಾಗುವ ಕೆಲಸ ಮಾಡಬಾರದು ಎಂಬುದು ನಿಯಮ.

ಅಂಥ ಫೋನ್ ಬಂದರೆ ಹೀಗೆ ಹೇಳಿ: "ಸಾರ್, ಬರ್ತೀನಿ. ಡಾಕ್ಟರ ಹತ್ರ ಫೈನಲ್ ತಗೊಂಡೇ ಬರ್ತೀನಿ, ಇಲ್ಲಾಂದ್ರೆ ನಿಮಗೂ ತೊಂದರೆ."

ಫೈನಲ್ ಕೈಗೆ ಬಂದ ಕೂಡಲೇ ಕಿಟಕಿ ಬಳಿಯೇ ನಿಂತು ಓದಿ. ಹೆಸರು, ಐಪಿ ನಂಬರ್, ಹಿಂದಿನ ಸರ್ಟಿಫಿಕೇಟ್ ಮುಗಿದ ದಿನ, ಫಿಟ್ ಆಗುವ ದಿನ, ಸಹಿ, ಸೀಲು. ಎರಡು ಸರ್ಟಿಫಿಕೇಟ್‌ಗಳ ನಡುವೆ ಒಂದು ದಿನ ಖಾಲಿ ಉಳಿದರೂ ಕ್ಲೇಮ್ ಸಿಕ್ಕಿಹಾಕಿಕೊಳ್ಳುತ್ತದೆ. ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡು, ಆಮೇಲೆ ಕ್ಲೇಮ್ ಫಾರ್ಮ್ ಜೊತೆ ಕೊಡಿ. ಕೊನೆಯ ಕಂತಿನ ಹಣ ಕೆಲಸಕ್ಕೆ ಸೇರಿದ ಮೇಲೆ ಬಂದರೂ ಅದು ನಿಮ್ಮದೇ, ಹೆದರಬೇಡಿ.

6. ಮೊದಲ ತಿಂಗಳು

ಸಂಬಳದ ಸ್ಲಿಪ್ ನೋಡಿ. ನಿಮ್ಮ ಪಾಲಿನ ಇಎಸ್‌ಐ ಶೇ. 0.75. 15,000ಕ್ಕೆ 113 ರೂಪಾಯಿ. ಪೂರ್ತಿ ತಿಂಗಳು ಕೆಲಸ ಮಾಡಿಯೂ ಅದು ಕಟ್ ಆಗಿಲ್ಲ ಅಂದರೆ ಖುಷಿಪಡಬೇಡಿ. ನಿಮ್ಮ ಹೆಸರು ಮತ್ತೆ ಸೇರಿಲ್ಲ ಅಂತ ಅರ್ಥ.

ಕಾಯಿಲೆ ತಿರುಗಿ ಬಂದರೆ ಸಹಿಸಿಕೊಂಡು ಕೂರಬೇಡಿ. ಮಾಮೂಲಿಯಾಗಿ ಕಾಯಿಲೆಯ ಮೊದಲ ಎರಡು ದಿನಕ್ಕೆ ಹಣ ಇಲ್ಲ. ಆದರೆ ಹಿಂದೆ ಹಣ ಪಡೆದ ಕಾಯಿಲೆ ಮುಗಿದು 15 ದಿನದೊಳಗೆ ಮತ್ತೆ ಮಲಗಿದರೆ ಈ ಎರಡು ದಿನದ ಕಡಿತ ಇಲ್ಲ. ವಿಸ್ತರಿತ ಕಾಯಿಲೆ ಹಣದವರು ಹಳೆಯ ರೋಗದ ಫೈಲನ್ನೇ ತೋರಿಸಿ, ಹೊಸ ಜ್ವರ ಅನ್ನುವ ಹಾಗೆ ಚೀಟಿ ಮಾಡಿಸಬೇಡಿ. ಓಟಿ ಬೇಡ. ಮೊದಲ ಮೂರು ತಿಂಗಳು ಯಾರು ಕೇಳಿದರೂ ಬೇಡ.

ಟಿಬಿ ಆಗಿ ಇನ್ನೂ ಮಾತ್ರೆ ನುಂಗುತ್ತಲೇ ಕೆಲಸಕ್ಕೆ ಹೋಗುವವರು ಒಂದು ತಿಳಿದಿರಲಿ. ಟಿಬಿ ರೋಗಿಗಳ ಪೌಷ್ಟಿಕ ಆಹಾರಕ್ಕೆ ಸರ್ಕಾರ ಕೊಡುವ ನಿಕ್ಷಯ್ ಪೋಷಣ್ ಯೋಜನೆಯ ತಿಂಗಳ 1,000 ರೂಪಾಯಿ ಚಿಕಿತ್ಸೆ ನಡೆಯುವವರೆಗಿನದು. ಸಂಬಳ ಶುರುವಾಯಿತು ಅಂತ ಅದನ್ನು ಬಿಡಬೇಕಿಲ್ಲ.

7. ಸಂಬಳದ ಜೊತೆಗೇ ಬರುವ ಹಣ

ಈಗ ಆ ನಾಲ್ಕನೆಯದಕ್ಕೆ ಬರೋಣ. ಪವರ್ ಪ್ರೆಸ್‌ನಲ್ಲಿ ಎರಡು ಬೆರಳು ಹೋದವರು, ಬಿದ್ದು ಬೆನ್ನು ಮುರಿದವರು ವಾಸಿಯಾದ ಮೇಲೆ "ಕೆಲಸಕ್ಕೆ ಸೇರಿದ್ದೀನಲ್ಲ, ಇನ್ನೆಲ್ಲಿ ಹಣ" ಅಂತ ಅರ್ಜಿಯನ್ನೇ ಹಾಕುವುದಿಲ್ಲ. ಇದು ನೋಡಿ ನಿಜವಾದ ನಷ್ಟ. ಶಾಶ್ವತ ಅಂಗವೈಕಲ್ಯದ ಹಣ ಸಂಬಳದ ಬದಲಿಗೆ ಕೊಡುವುದಲ್ಲ, ದುಡಿಯುವ ಶಕ್ತಿಯಲ್ಲಿ ಎಷ್ಟು ಹೋಯಿತೋ ಅದಕ್ಕೆ ಕೊಡುವುದು. ಮೆಡಿಕಲ್ ಬೋರ್ಡ್ ಶೇ. 20 ನಷ್ಟ ಅಂತ ನಿರ್ಧರಿಸಿದರೆ, ದಿನಕ್ಕೆ 450ರ ಶೇ. 20 ಅಂದರೆ 90 ರೂಪಾಯಿ. ತಿಂಗಳಿಗೆ ಸುಮಾರು 2,700. ಅದೇ ಫ್ಯಾಕ್ಟರಿಯಲ್ಲಿ ಪೂರ್ತಿ ಸಂಬಳ ತೆಗೆದುಕೊಳ್ಳುತ್ತಿದ್ದರೂ ಬರುತ್ತದೆ. ಕೆಲಸ ಬಿಟ್ಟರೂ ಬರುತ್ತದೆ. ನಷ್ಟ ಶಾಶ್ವತ ಅಂತ ಬೋರ್ಡ್ ತೀರ್ಮಾನಿಸಿದ್ದರೆ ಜೀವನಪೂರ್ತಿ.

ಇದಕ್ಕೆ ಬುನಾದಿ ಅಪಘಾತದ ವರದಿ. ಏಟಾದಾಗ ಕಂಪನಿ ವರದಿ ಕೊಟ್ಟಿತ್ತಾ ಅಂತ ಬ್ರಾಂಚ್ ಆಫೀಸಿನಲ್ಲಿ ವಿಚಾರಿಸಿ. ಕೊಟ್ಟಿಲ್ಲದಿದ್ದರೆ ಅಂದಿನ ಆಸ್ಪತ್ರೆ ಚೀಟಿ, ಜೊತೆಗಿದ್ದವರ ಹೇಳಿಕೆ ಹಿಡಿದು ಲಿಖಿತ ದೂರು ಕೊಡಿ. ಬೋರ್ಡ್ ಕೊಟ್ಟ ಪರ್ಸೆಂಟೇಜ್ ಕಡಿಮೆ ಅನಿಸಿದರೆ ಮೇಲ್ಮನವಿಗೆ ಅವಕಾಶ ಇದೆ.

ನಾಡಕಚೇರಿಯ ಮೂಲಕ ಬರುವ ರಾಜ್ಯ ಸರ್ಕಾರದ ಅಂಗವಿಕಲರ ಮಾಸಾಶನ ಇದಕ್ಕಿಂತ ಬೇರೆ. ಅದಕ್ಕೆ ಕುಟುಂಬದ ಆದಾಯ ಮಿತಿ ಇದೆ. ಸಂಬಳ ಶುರುವಾದ ಮೇಲೆ ಮಿತಿ ದಾಟಿದರೆ ನೀವೇ ಹೋಗಿ ತಿಳಿಸಿ. ತಿಳಿಸದೆ ತೆಗೆದುಕೊಂಡರೆ ಆಮೇಲೆ ವಸೂಲಿ ನೋಟಿಸ್ ಬರಬಹುದು. ಯುಡಿಐಡಿ ಕಾರ್ಡನ್ನು (ಅಂಗವಿಕಲರ ಗುರುತಿನ ಚೀಟಿ) ಮಾತ್ರ ಬಿಡಬೇಡಿ. ಅದು ಆದಾಯಕ್ಕೆ ಸಂಬಂಧಿಸಿದ್ದಲ್ಲ.

8. "ಕೆಲಸ ಇಲ್ಲ" ಅಂದರೆ

ಸರ್ಕಾರಿ ಸಂಸ್ಥೆ, ನಿಗಮಗಳ ನೌಕರರಿಗೆ ಗಟ್ಟಿ ರಕ್ಷಣೆ ಇದೆ. ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ 2016ರ 20ನೇ ಸೆಕ್ಷನ್ ಪ್ರಕಾರ, ಸೇವೆಯಲ್ಲಿರುವಾಗ ಅಂಗವೈಕಲ್ಯ ಬಂದವರನ್ನು ತೆಗೆಯುವಂತಿಲ್ಲ, ಹುದ್ದೆಯ ದರ್ಜೆ ಇಳಿಸುವಂತಿಲ್ಲ. ಹಳೆಯ ಕೆಲಸ ಮಾಡಲಾಗದಿದ್ದರೆ ಅದೇ ವೇತನ ಶ್ರೇಣಿಯ ಬೇರೆ ಹುದ್ದೆ ಕೊಡಬೇಕು. ಹುದ್ದೆ ಖಾಲಿ ಇಲ್ಲದಿದ್ದರೆ ಹೆಚ್ಚುವರಿ ಹುದ್ದೆಯಲ್ಲಿ ಇಟ್ಟುಕೊಳ್ಳಬೇಕು. ಪಾರ್ಶ್ವವಾಯು ಆದ ಬಸ್ ಚಾಲಕರು ಡಿಪೋದಲ್ಲಿ ಬೇರೆ ಕೆಲಸ ಕೇಳುವುದು ಈ ಆಧಾರದ ಮೇಲೆ.

ಖಾಸಗಿಯಲ್ಲಿ ಅಷ್ಟು ಗಟ್ಟಿಯಿಲ್ಲ. ಕಾಯಿಲೆ ಹಣ ಪಡೆಯುತ್ತಿರುವ ಅವಧಿಯಲ್ಲಿ ತೆಗೆಯಬಾರದು ಅಂತ 1948ರ ಇಎಸ್‌ಐ ಕಾಯ್ದೆಯ 73ನೇ ಸೆಕ್ಷನ್ ಹೇಳುತ್ತಿತ್ತು. 2025ರ ನವೆಂಬರ್ 21ರಿಂದ ಆ ಕಾಯ್ದೆಯ ಜಾಗಕ್ಕೆ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ. ಆದ್ದರಿಂದ ಹಳೆಯ ನಂಬರ್ ಹಾಕಿ ಹೆದರಿಸುವ ಪತ್ರ ಬರೆಯುವುದಕ್ಕಿಂತ ತಾರೀಖು, ಸರ್ಟಿಫಿಕೇಟ್, ಸ್ವೀಕೃತಿಯ ಸೀಲು ಇವನ್ನು ಮುಂದಿಟ್ಟು ಬರೆಯಿರಿ. "ಹೇಳದೆ ಕೇಳದೆ ಗೈರುಹಾಜರು" ಅಂತ ಕಂಪನಿ ಹೇಳದಂತೆ ಮಾಡುವುದು ಆ ಸೀಲೇ. ಉತ್ತರ ಬರದಿದ್ದರೆ ಯೂನಿಯನ್ ಅಥವಾ ಕಾರ್ಮಿಕ ಇಲಾಖೆಗೆ ಹೋಗಿ.

ಎಚ್‌ಆರ್ ಎದುರು ಕೂರಿಸಿಕೊಂಡು ಮೃದುವಾಗಿ "ರಾಜೀನಾಮೆ ಬರೆದುಕೊಡಿ, ಸೆಟಲ್‌ಮೆಂಟ್ ಬೇಗ ಮಾಡ್ತೀವಿ" ಅಂದರೆ ಆ ದಿನವೇ ಸಹಿ ಹಾಕಬೇಡಿ. ಮನೆಯವರನ್ನು ಕೇಳಿ ಬರ್ತೀನಿ ಅಂತ ಎದ್ದು ಬನ್ನಿ. ಕಾರಣ ಇದೆ. ಇಎಸ್‌ಐನಲ್ಲಿ ರಾಜೀವ್ ಗಾಂಧಿ ಶ್ರಮಿಕ್ ಕಲ್ಯಾಣ್ ಯೋಜನೆ ಅಂತ ನಿರುದ್ಯೋಗ ಭತ್ಯೆ ಇದೆ. ಫ್ಯಾಕ್ಟರಿ ಮುಚ್ಚಿ ಕೆಲಸ ಹೋದವರಿಗೆ, ರಿಟ್ರೆಂಚ್‌ಮೆಂಟ್ (ಹೆಚ್ಚುವರಿ ಅಂತ ಕಂಪನಿ ಕೆಲಸದಿಂದ ತೆಗೆಯುವುದು) ಆದವರಿಗೆ, ಕೆಲಸಕ್ಕೆ ಸಂಬಂಧಿಸದ ಕಾರಣದಿಂದ ಶೇ. 40ಕ್ಕಿಂತ ಕಡಿಮೆಯಿಲ್ಲದ ಶಾಶ್ವತ ಅಸಮರ್ಥತೆ ಬಂದು ಕೆಲಸ ಕಳೆದುಕೊಂಡವರಿಗೆ ಅದು ಸಿಗುತ್ತದೆ. ಕನಿಷ್ಠ ಎರಡು ವರ್ಷದ ವಂತಿಗೆ ಇರಬೇಕು. ಮೊದಲ 12 ತಿಂಗಳು ಸಂಬಳದ ಅರ್ಧ, ನಂತರದ 12 ತಿಂಗಳು ಕಾಲು ಭಾಗ. ತಾನಾಗಿ ಕೆಲಸ ಬಿಟ್ಟವರಿಗೆ ಇಲ್ಲ. ಆ ಒಂದು ರಾಜೀನಾಮೆ ಹಾಳೆಯಲ್ಲಿ "ವೈಯಕ್ತಿಕ ಕಾರಣ" ಅಂತ ಬರೆದರೆ ಈ ಬಾಗಿಲು ಮುಚ್ಚಿತು.

ಕೆಲಸಕ್ಕೆ ಸಂಬಂಧಿಸಿದ ಏಟಿನಿಂದ ಶಾಶ್ವತ ಅಂಗವೈಕಲ್ಯ ಬಂದು ಕೆಲಸ ಬಿಡಬೇಕಾದವರು ವರ್ಷಕ್ಕೆ 120 ರೂಪಾಯಿ ಕಟ್ಟಿ, ನಿವೃತ್ತಿಯ ವಯಸ್ಸಿನವರೆಗೆ ತಮಗೂ ಗಂಡ ಅಥವಾ ಹೆಂಡತಿಗೂ ಇಎಸ್‌ಐ ಚಿಕಿತ್ಸೆ ಉಳಿಸಿಕೊಳ್ಳಬಹುದು. ಅರ್ಜಿ ಬ್ರಾಂಚ್ ಆಫೀಸಿನಲ್ಲೇ. ಅಲ್ಲಿ ಸರಿಯಾದ ಉತ್ತರ ಸಿಗದಿದ್ದರೆ ಇಎಸ್‌ಐ ಸಹಾಯವಾಣಿ 1800-11-2526ಕ್ಕೆ ಫೋನ್ ಮಾಡಿ, ದೂರಿನ ನಂಬರ್ ಬರೆದಿಟ್ಟುಕೊಳ್ಳಿ.